ಗೇರ್ ಕೋಲಿನ ಬಳಿ ನನ್ನ ಜಾಗ

ಆ ದಿನಗಳಲ್ಲಿ ಬದಿಯಡ್ಕಕ್ಕೆ ಹೋಗುವ ಸರ್ವಿಸ್ ಜೀಪುಗಳಿಗೆ 'ಜಾಗ ಇಲ್ಲ' ಎಂದು ಹೇಳಿ ಗೊತ್ತಿರಲಿಲ್ಲ. ಹಿಂದೆ ಎದುರುಬದುರು ಸೀಟುಗಳಲ್ಲಿ ಹತ್ತು ಜನ, ಮೆಟ್ಟಿಲ ಮೇಲೆ ನೇತಾಡುವವರು ಮೂರೋ ನಾಲ್ಕೋ ಜನ, ಮುಂದೆ ಡ್ರೈವರನ ಎಡಕ್ಕೆ ಮೂವರು. ಅದೂ ಸಾಲದೆ ಡ್ರೈವರನ ಬಲಕ್ಕೆ, ಬಾಗಿಲೇ ಇಲ್ಲದ ಬದಿಯಲ್ಲಿ, ಇನ್ನೊಬ್ಬರು. ಎಲ್ಲರಿಗೂ ಹಂಚಿ ಉಳಿದ ಅರ್ಧ ಸೀಟಿನಲ್ಲಿ ಗಾಡಿ ಓಡಿಸುವವನು ಓರೆಯಾಗಿ ಕೂರಬೇಕು. ಇದನ್ನು ನನ್ನ ಮಗನಿಗೆ ಹೇಳಿದರೆ ಅಮ್ಮ ಬೊಗಳೆ ಬಿಡುತ್ತಾಳೆಂದು ನಗುತ್ತಾನೆ. ನಿಮ್ಮಲ್ಲಿ ಕೆಲವರಾದರೂ ಅಂಥ ಜೀಪಿನಲ್ಲಿ, ಯಾರದೋ ಕೊಡೆಯ ಮೊನೆ ಪಕ್ಕೆಗೆ ಚುಚ್ಚಿಸಿಕೊಂಡು, ಯಾರದೋ ಚೀಲದ ಒಣಮೀನಿನ ವಾಸನೆ ಕುಡಿದು ಶಾಲೆಗೆ ಹೋಗಿರುತ್ತೀರಿ. ನೀವು ನಂಬುತ್ತೀರಿ.

ಅಂಥ ಒಂದು ಜೀಪಿನ ಡ್ರೈವರ್ ನನ್ನ ಅಪ್ಪ. ಊರಿಗೆಲ್ಲ ಬಾಬಣ್ಣ. ಜೀಪು ನಮ್ಮದೇ, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಬೆಳಿಗ್ಗೆ ಎಂಟಕ್ಕೆ ನಮ್ಮ ಗುಡ್ಡೆಯ ಮೇಲಿನ ಅಶ್ವತ್ಥಕಟ್ಟೆಯಿಂದ ಹೊರಟರೆ, ಮುರಕಲ್ಲು ಕಡಿಯುವ ಕೋರೆ ದಾಟಿ, ದೊಡ್ಡ ಇಳಿಜಾರು ಇಳಿದು, ಮೋರಿಯ ಹತ್ತಿರ ತಿರುಗಿ ಬದಿಯಡ್ಕದ ರಸ್ತೆಗೆ ಸೇರುವುದು. ಹೀಗೆ ದಿನಕ್ಕೆ ಆರೇಳು ಸಲ ಹೋಗಿ ಬರುವುದು.

ಇನ್ನು ನಾನು. ಹುಟ್ಟಾ ಪುಕ್ಕಲಿ. ಹುಂಜ ಕಂಡರೆ ಹೆದರಿಕೆ, ಬಾವಿಕಟ್ಟೆ ಕಂಡರೆ ಹೆದರಿಕೆ, ಜೋರಾಗಿ ಸೀನುವ ನಮ್ಮ ದೊಡ್ಡಪ್ಪ ಮನೆಗೆ ಬಂದರೆ ಚಾಪೆಯ ಹಿಂದೆ. ನಾಲ್ಕನೆಯ ತರಗತಿಯವರೆಗೆ ಗುಡ್ಡೆಯ ಮೇಲೆಯೇ ಶಾಲೆ ಇತ್ತು, ಬಚಾವಾಗಿದ್ದೆ. ಐದಕ್ಕೆ ಬದಿಯಡ್ಕಕ್ಕೆ ಹೋಗಬೇಕು. ಬಸ್ಸು ಬೇಕಾದರೆ ಗುಡ್ಡೆಯ ಇನ್ನೊಂದು ಬದಿಗೆ ಎರಡು ಮೈಲು ನಡೆಯಬೇಕು. ನಡೆದರೂ ಕಡಿಮೆ ದರದ ಕನ್ಸೆಶನ್ನಿನ ಮಕ್ಕಳು ನಿಂತಿದ್ದಾರೆಂದು ಕಂಡರೆ ಬಸ್ಸಿನವರು ಆಚೆ ನೋಡಿ ಹೋಗಿಬಿಡುತ್ತಿದ್ದರು. ಜೀಪಿನ ಹಿಂದೆ ಕೂತರೆ ನನಗೆ ಹೊಗೆ ಕುಡಿದು ವಾಂತಿ. ಮುಂದೆ ಕೂರುವವರೆಲ್ಲ ದಿನಾ ಬರುವ ಖಾಯಂ ಜನ, ಅವರನ್ನು ಏಳಿಸಿ ಮಗಳನ್ನು ಕೂರಿಸುವುದು ಅಪ್ಪನಿಂದ ಆಗದ ಮಾತು. ಅಪ್ಪ ಮೇ ತಿಂಗಳಿಡೀ ಯೋಚಿಸಿ ಕೊನೆಗೊಂದು ಉಪಾಯ ಮಾಡಿದರು. ಆ ಉಪಾಯದ ಫಲ ಇನ್ನೂ ನಮ್ಮ ಮನೆಯಲ್ಲಿ ಇದೆ.

ಜೀಪಿನ ಗೇರ್ ಕೋಲು ನೆಲದಿಂದ ನೆಟ್ಟಗೆ ಎದ್ದು ನಿಂತಿರುತ್ತಿತ್ತು, ತುದಿಗೆ ಕರಿಯ ಗುಂಡು. ಅಪ್ಪನಿಗೂ ಪಕ್ಕದಲ್ಲಿ ಕೂರುವವರಿಗೂ ನಡುವೆ ಒಂದು ಗೇಣು ಜಾಗ ಇತ್ತು. ಅಲ್ಲಿ ಒಂದು ಮಗುವನ್ನು ತುರುಕಬಹುದು, ಆದರೆ ಎರಡನೇ ಗೇರಿಗೆ ಹಿಂದೆ ಎಳೆದ ಕೂಡಲೇ ಗುಂಡು ಬಂದು ಮಗುವಿನ ಹೊಟ್ಟೆಗೆ ಬಡಿಯುತ್ತದೆ. ಕೋಲನ್ನು ಮುಂದಕ್ಕೆ ಬಗ್ಗಿಸಿದರೆ? ಅಪ್ಪ ನನ್ನನ್ನೂ ಕೂರಿಸಿಕೊಂಡು ಸೀತಾಂಗೋಳಿಯ ವರ್ಕ್‌ಶಾಪಿಗೆ ಹೋದರು. ಅಲ್ಲಿಯ ಚಂದು ಮೇಸ್ತ್ರಿ ಸಂಗತಿ ಕೇಳಿ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ನಿಂತುಬಿಟ್ಟರು.

"ಬೇಡ ಬಾಬಣ್ಣ. ಗೇರ್ ಅಂದ್ರೆ ಕೈ ಹೋದಲ್ಲಿ ಸಿಗ್ಬೇಕು. ಊಟಕ್ಕೆ ಕೂತರೆ ಕೈ ಬಾಯಿಗೆ ಹೋಗುದಿಲ್ವಾ, ನೋಡ್ಲಿಕ್ಕೆ ಉಂಟಾ? ಹಾಗೆ."

"ಎಂತ ಆಗುದಿಲ್ಲ ಮಾರಾಯ. ನನ್ನ ಕೈ ಉದ್ದ ಉಂಟು."

"ಉದ್ದ ಇದ್ರೆ ಆಯ್ತಾ? ದಿನಕ್ಕೆ ಎಷ್ಟು ಸಲ ಮುಂದೆ ಬಗ್ಗಬೇಕು ಗೊತ್ತುಂಟಾ ನಿಮಗೆ? ಭುಜ ಕೇಳ್ಬೇಕಲ್ಲ!"

"ಮಗುವಿಗೆ ಶಾಲೆಗೆ ಹೋಗ್ಲಿಕ್ಕೆ ಬೇಡ್ವಾ? ಬಗ್ಗಿಸು ನೀನು."

ಮೇಸ್ತ್ರಿ ಗ್ಯಾಸಿನ ಬೆಂಕಿ ಹಿಡಿದರು. ಕೋಲು ಮೊದಲು ನೀಲಿಯಾಗಿ ಆಮೇಲೆ ಕೆಂಪಾಯಿತು. ಒಂದು ಪೈಪು ಸಿಕ್ಕಿಸಿ ಒತ್ತಿದಾಗ ಅದು ಡ್ಯಾಶ್‌ಬೋರ್ಡಿನ ಕಡೆಗೆ ನಿಧಾನವಾಗಿ ಬಾಗಿತು. ಸುಟ್ಟ ಕಬ್ಬಿಣದ ವಾಸನೆಗೆ ಹೆದರಿ ನಾನು ಹೊರಗೆ ಹಳೆಯ ಟಯರುಗಳ ನಡುವೆ ನಿಂತಿದ್ದೆ. ಅಪ್ಪ ಹೊರಗೆ ಬಂದು, "ಬಾ, ಮಹಾರಾಣಿಯ ಜಾಗ ರೆಡಿ ಆಯ್ತು" ಎಂದು ನನ್ನನ್ನು ಎತ್ತಿ ಅಲ್ಲಿ ಕೂರಿಸಿದರು. ಕೂತೆ. ಹಿಡಿಸಿತು. ಆ ದಿನ ನನಗಾದ ಹೆಮ್ಮೆಯನ್ನು ಯಾಕೆ ಮುಚ್ಚಿಡಲಿ, ನನಗಾಗಿ ಒಂದು ಜೀಪನ್ನೇ ಬದಲಾಯಿಸಿದ್ದರು.

ಜೂನಿನಿಂದ ನನ್ನ ಸವಾರಿ ಶುರು. ನನ್ನ ಬಲಕ್ಕೆ ಅಪ್ಪ, ಎಡಕ್ಕೆ ಐಸಮ್ಮ. ಐಸಮ್ಮ ಬೀಡಿ ಕಟ್ಟಿ ಜೀವನ ಮಾಡುತ್ತಿದ್ದ ಬ್ಯಾರಿ ಹೆಂಗಸು. ಕಟ್ಟಿದ ಬೀಡಿಯ ಕಟ್ಟುಗಳನ್ನು ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿಟ್ಟು ದಿನಾ ಬದಿಯಡ್ಕದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗುತ್ತಿದ್ದರು. ಹೊಗೆಸೊಪ್ಪಿನ ವಾಸನೆ, ಡೀಸೆಲಿನ ವಾಸನೆ, ಅಪ್ಪನ ಅಂಗಿಯ ಬೆವರಿನ ವಾಸನೆ, ಈ ಮೂರರ ನಡುವೆ ನಾನು ಐದನೆಯ ತರಗತಿಯ ಮಗ್ಗಿ ಬಾಯಿಪಾಠ ಮಾಡಿದೆ. ಹೆದರಿಕೆ ಮಾತ್ರ ಬಿಡಲಿಲ್ಲ. ಬಾಗಿದ ಕೋಲು ನನ್ನ ಮೊಣಕಾಲುಗಳ ಎದುರಿಗೇ ಗಡಗಡ ನಡುಗುತ್ತಿತ್ತು. ನಿಂತಾಗಲೂ ಅದಕ್ಕೆ ಸುಮ್ಮನಿರಲು ಆಗುತ್ತಿರಲಿಲ್ಲ. ಅದರ ಬುಡದ ರಬ್ಬರು ಹರಿದು, ಆ ತೂತಿನಲ್ಲಿ ಕೆಳಗೆ ಓಡುವ ರಸ್ತೆ ಕಾಣುತ್ತಿತ್ತು. ನಾನು ಕಾಲು ಮೇಲೆತ್ತಿಯೇ ಕೂರುತ್ತಿದ್ದೆ.

"ಕಾಲು ಬಿಡು ಮೋಳೇ, ರಸ್ತೆ ನಿನ್ನನ್ನು ಎಳ್ಕೊಂಡು ಹೋಗುದಿಲ್ಲ" ಎಂದು ಐಸಮ್ಮ ನಗುತ್ತಿದ್ದರು.

ಒಂದನೇ ಗೇರಿಗೂ ಮೂರನೇ ಗೇರಿಗೂ ಕೋಲು ಮುಂದೆ ಹೋಗಬೇಕು. ಮೊದಲೇ ಮುಂದೆ ಬಾಗಿದ್ದ ಕೋಲು ಅದು, ಇನ್ನಷ್ಟು ಮುಂದೆ ನೂಕಲು ಅಪ್ಪ ಪ್ರತಿ ಸಲ ಸೀಟಿನಿಂದ ಎದ್ದು, ಸ್ಟೇರಿಂಗಿನ ಮೇಲೆ ಎದೆಯೊರಗಿಸಿ, ನನ್ನ ಮೊಣಕಾಲ ಮೇಲಿಂದ ಕೈ ಚಾಚುತ್ತಿದ್ದರು. ದೀಪಾವಳಿ ಕಳೆಯುವಷ್ಟರಲ್ಲಿ ಅಪ್ಪನಿಗೆ ಅಂಗಿಯ ಎಡತೋಳು ಹಾಕಿಕೊಳ್ಳಲು ಅಮ್ಮ ಬೇಕಾಯಿತು. ಮನೆಯಲ್ಲಿ ಧನ್ವಂತರ ತೈಲದ ವಾಸನೆ ಶುರುವಾಯಿತು. ಡಾಕ್ಟರು ಭುಜ ಹಿಡಿದುಕೊಂಡಿದೆ, ಮೂರು ತಿಂಗಳು ಗಾಡಿ ಮುಟ್ಟಬೇಡಿ ಎಂದರು. ಮೂರು ತಿಂಗಳು ಜೀಪು ನಿಂತರೆ ಸ್ಟ್ಯಾಂಡಿನಲ್ಲಿ ನಮ್ಮ ಸರದಿ ಇನ್ನೊಬ್ಬರಿಗೆ ಹೋಗುತ್ತದೆ, ಆಮೇಲೆ ಎಷ್ಟು ಕಾಲು ಹಿಡಿದರೂ ಅದು ವಾಪಸು ಬರುವುದಿಲ್ಲ. ಅಪ್ಪ ಮೂರು ದಿನವೂ ನಿಲ್ಲಿಸಲಿಲ್ಲ.

"ಆ ಕೋಲು ನೆಟ್ಟಗೆ ಮಾಡ್ಸಿ" ಎಂದು ಅಮ್ಮ ಹೇಳಿದರು.

"ಮತ್ತೆ ಮಗು ಎಲ್ಲಿ ಕೂರುದು?"

ಅಮ್ಮ ತೈಲದ ಬಾಟಲಿ ಎತ್ತಿಕೊಂಡು ಒಳಗೆ ಹೋದರು. ಅದಕ್ಕೆ ಉತ್ತರ ನನ್ನಲ್ಲಿ ಇತ್ತು. ನಾನು ನಡೆಯುತ್ತೇನೆ ಎಂದರೆ ಮುಗಿಯುತ್ತಿತ್ತು. ಆದರೆ ನಡೆಯುವ ದಾರಿಯಲ್ಲಿ ಒಂದು ನಾಯಿ ಇತ್ತು. ಬಾಯಿ ಮುಚ್ಚಿ ಕೂತೆ.

ಧನು ತಿಂಗಳ ಒಂದು ಬೆಳಿಗ್ಗೆ, ಕೋರೆಯ ಹತ್ತಿರದ ಏರಿನಲ್ಲಿ ಅಪ್ಪ ಕೈ ಚಾಚಿದರು. ಕೈ ಅರ್ಧಕ್ಕೆ ನಿಂತಿತು. ಹಣೆಯಲ್ಲಿ ಬೆವರು ಮೂಡಿತು. ಜೀಪು ಏದುಸಿರು ಬಿಡುತ್ತಾ ನಿಲ್ಲುವ ಹಾಗಾಯಿತು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ, "ಮಗಾ, ಆ ಗುಂಡನ್ನು ಹಿಡಿದು ನಿನ್ನ ಕಡೆ ಎಳೆದು ಮುಂದೆ ನೂಕು" ಎಂದರು. ನಾನು ಎರಡೂ ಕೈಯಲ್ಲಿ ಹಿಡಿದು ನೂಕಿದೆ. ಒಳಗೆ ಎಲ್ಲೋ ಟಕ್ಕೆಂದಿತು. ಜೀಪು ಏರು ಹತ್ತಿತು.

"ಭೇಷ್" ಎಂದರು ಅಪ್ಪ. ಸ್ವಲ್ಪ ದೂರ ಹೋದ ಮೇಲೆ, "ಅಮ್ಮನಿಗೆ ಹೇಳ್ಬೇಡ, ಆಯ್ತಾ?"

ಅಲ್ಲಿಂದ ಅದೇ ರೂಢಿಯಾಯಿತು. ನಾನಿಲ್ಲದ ಸವಾರಿಗಳಲ್ಲಿ ಅಪ್ಪ ಸ್ಟೇರಿಂಗ್ ಬಿಟ್ಟು ಬಲಗೈಯನ್ನು ಅಡ್ಡ ಚಾಚಿ ಹೇಗೋ ಸುಧಾರಿಸುತ್ತಿದ್ದರಂತೆ. ಒಂದು ಭಾನುವಾರ ಮಧ್ಯಾಹ್ನ ಅಮ್ಮ ತೋಡಿಗೆ ಬಟ್ಟೆ ಒಗೆಯಲು ಹೋದಾಗ ಅಪ್ಪ ಅಂಗಳದಲ್ಲಿ ಇದ್ದಿಲಿನಿಂದ ಗೇರಿನ ನಕ್ಷೆ ಬರೆದರು. ಎರಡು ಉದ್ದ ಗೆರೆ, ನಡುವೆ ಒಂದು ಅಡ್ಡ ಗೆರೆ. ಎಡಗೆರೆಯ ಮೇಲೆ ಒಂದು, ಕೆಳಗೆ ಎರಡು. ಬಲಗೆರೆಯ ಮೇಲೆ ಮೂರು, ಕೆಳಗೆ ನಾಲ್ಕು. ಅಡ್ಡ ಗೆರೆ ನ್ಯೂಟ್ರಲ್, "ಅದು ಯಾರ ಮನೆಯೂ ಅಲ್ಲ, ಅಲ್ಲಿ ನಿಲ್ಬಾರ್ದು." ನಾನು ಕುಂಟಾಬಿಲ್ಲೆ ಆಡುವ ಹಾಗೆ ಒಂದೇ ಕಾಲಿನಲ್ಲಿ ಅದರ ಮೇಲೆ ಕುಪ್ಪಳಿಸಬೇಕು, ಅಪ್ಪ ಜಗಲಿಯಲ್ಲಿ ಕೂತು ಗೇರಿನ ಅಂಕೆಯನ್ನು ತುಳುವಿನಲ್ಲಿ ಕೂಗಬೇಕು. "ಒಂಜಿ! ರಡ್ಡ್! ಮೂಜಿ! ನಾಲ್! ಮೂಜಿ! ರಡ್ಡ್!" ಮೂರರಿಂದ ಎರಡಕ್ಕೆ ಬರುವಾಗ ಮಾತ್ರ ನಾನು ಪ್ರತಿ ಸಲ ಅಡ್ಡ ಗೆರೆಯಲ್ಲಿ ತಪ್ಪುತ್ತಿದ್ದೆ. ಹಿಂದೆ ಎಳೆದು, ಪಕ್ಕಕ್ಕೆ ಸರಿಸಿ, ಮತ್ತೆ ಹಿಂದೆ ಎಳೆಯಬೇಕು. ನೆಲದ ಮೇಲೆ ತಪ್ಪಿದರೆ ಅಪ್ಪ ನಗುತ್ತಿದ್ದರು. ಅಂಗಳದಲ್ಲಿ ಆಡಿದಾಗ ಹೆದರಿಕೆಯೇ ಆಗಲಿಲ್ಲ ಎಂಬುದು ಈಗ ಆಶ್ಚರ್ಯ.

ಜೀಪಿನಲ್ಲಿ ಬೇರೆಯೇ ಕಥೆ. ಅಪ್ಪ ಕ್ಲಚ್ ಒತ್ತಿ ಮೆಲ್ಲಗೆ "ಮೂಜಿ" ಅನ್ನುವುದು, ನಾನು ನೂಕುವುದು. ಕ್ಲಚ್ಚಿಗೂ ನನ್ನ ಕೈಗೂ ಒಂದು ಕ್ಷಣ ಹೆಚ್ಚುಕಮ್ಮಿಯಾದರೆ ಸಾಕು, ನನ್ನ ಪಾದಗಳ ಕೆಳಗೆ ಗರ್‌ರ್‌ರ್ ಎಂದು ಏನೋ ಹಲ್ಲು ಕಡಿಯುತ್ತಿತ್ತು. ಆ ಸದ್ದು ಕೈಯಿಂದ ಹತ್ತಿ ದವಡೆಯವರೆಗೆ ಬರುತ್ತಿತ್ತು. ಹಿಂದೆ ಕೂತವರಿಗೆ ಏನೂ ಕಾಣುತ್ತಿರಲಿಲ್ಲ. ಐಸಮ್ಮನಿಗೆ ಎಲ್ಲವೂ ಕಾಣುತ್ತಿತ್ತು. ಅವರು ಮೊದಲ ದಿನವೇ ನನ್ನ ಕೈ ನೋಡಿದರು, ಅಪ್ಪನ ಭುಜ ನೋಡಿದರು. ಆಮೇಲೆ ತನ್ನ ಬುಟ್ಟಿಯನ್ನು ಮಡಿಲಿನಿಂದ ಎತ್ತಿ, ಆಚೆ ಕೂತವರಿಗೆ ನನ್ನ ಕೈ ಕಾಣದ ಹಾಗೆ ಮೊಣಕಾಲ ಮೇಲೆ ಇಟ್ಟುಕೊಂಡರು. ಮುಂದೆ ದಿನಾ ಹಾಗೆಯೇ ಇಟ್ಟುಕೊಂಡರು. 

ನನಗೆ ರಾತ್ರಿ ಕನಸಿನಲ್ಲಿ ಕೋಲು ಕೈಗೇ ಕಿತ್ತು ಬರುತ್ತಿತ್ತು. ಬೆಳಿಗ್ಗೆ ಏಳು ಗಂಟೆಗೆ ಹೊಟ್ಟೆ ನೋವು ಶುರುವಾಗುತ್ತಿತ್ತು. ಅಮ್ಮ ಓಮದ ಕಷಾಯ ಕುಡಿಸಿ, "ಪರೀಕ್ಷೆ ಬಂತಲ್ಲ, ಅದಕ್ಕೆ" ಅನ್ನುತ್ತಿದ್ದರು. ನನ್ನ ತಟ್ಟೆಯ ಗಂಜಿ ಹಾಗೆಯೇ ಉಳಿಯುತ್ತಿತ್ತು. ಅಂಗೈಯಲ್ಲಿ ಗುಂಡಿನ ಅಚ್ಚು ಬಿದ್ದಿತ್ತು. ಎದುರಿನಿಂದ ಪೊಲೀಸ್ ಜೀಪು ಬಂದರೆ ಅಪ್ಪ "ಕೈ" ಅನ್ನುತ್ತಿದ್ದರು, ನಾನು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ದೇವರ ಹೆಸರು ಹೇಳುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಕೋರೆಯ ಆಚೆಯ ಇಳಿಜಾರಿಗೆ. ಇಳಿಜಾರು ಶುರುವಾಗುವ ತಲೆಯಲ್ಲೇ ಮೂರರಿಂದ ಎರಡಕ್ಕೆ ತಂದು, ಇಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು. ತುಂಬಿದ ಜೀಪಿನ ಬ್ರೇಕನ್ನು ಮಾತ್ರ ನಂಬಿ ಅಲ್ಲಿ ಯಾರೂ ಇಳಿಯುತ್ತಿರಲಿಲ್ಲ. ಎಡಕ್ಕೆ ಗೋಡೆಯಂತೆ ನಿಂತ ಕೋರೆಯ ಮಣ್ಣಿನ ಬರೆ, ಬಲಕ್ಕೆ ಕೆಳಗೆ ತೋಡು, ಕೊನೆಗೆ ಮೋರಿ.

ಗೋಂಕು ಹಣ್ಣಾಗುವ ಕಾಲ ಬಂತು. ಗೇರುಹಣ್ಣಿಗೆ ನಮ್ಮಲ್ಲಿ ಹಾಗೆ ಹೇಳುವುದು. ಗುಡ್ಡೆಯಿಡೀ ಹುಳಿಸಿಹಿ ವಾಸನೆ, ಮಕ್ಕಳ ಅಂಗಿಯ ಮೇಲೆಲ್ಲ ಹೋಗದ ಕಲೆ. ಬೇರೆ ಮಕ್ಕಳು ಬೀಜ ಸುಟ್ಟು ತಿನ್ನುತ್ತಾ ಕುಣಿಯುವಾಗ ನಾನು ಕೋಲಿನ ಯೋಚನೆಯಲ್ಲಿರುತ್ತಿದ್ದೆ. ವಾರ್ಷಿಕ ಪರೀಕ್ಷೆಗೆ ಹತ್ತು ದಿನ ಇತ್ತು. ಆ ದಿನ ಎಲ್ಲಿಯೋ ಮದುವೆ, ಜೀಪಿನಲ್ಲಿ ಕಾಲಿಡಲು ಜಾಗವಿಲ್ಲ. ಮಲ್ಲಿಗೆಯ ವಾಸನೆ, ಪೌಡರಿನ ವಾಸನೆ, ಹಿಂದೆ ಹೆಂಗಸರ ನಗು. ಇಪ್ಪತ್ತಕ್ಕೂ ಹೆಚ್ಚು ಜನರ ಭಾರಕ್ಕೆ ಜೀಪಿನ ಹಿಂಭಾಗ ಕುಸಿದು, ಮೂತಿ ಆಕಾಶ ನೋಡುತ್ತಿತ್ತು. ಕೋರೆ ದಾಟಿತು. ಇಳಿಜಾರಿನ ತಲೆ ಬಂತು.

"ರಡ್ಡ್" ಎಂದರು ಅಪ್ಪ.

ನಾನು ಕೋಲನ್ನು ಮೂರರಿಂದ ಎಳೆದೆ. ಬಂತು. ಪಕ್ಕಕ್ಕೆ ಸರಿಸಿದೆ. ಹಿಂದೆ ಎಳೆದೆ. ಗರ್‌ರ್‌ರ್ ಎಂದಿತು. ಅಷ್ಟು ದೊಡ್ಡದಾಗಿ ಅದು ಹಿಂದೆಂದೂ ಕೂಗಿರಲಿಲ್ಲ. ಜೀಪಿನ ಮೂತಿ ಕೆಳಗಾಯಿತು, ಮುಂದಿನ ಗಾಜಿನ ತುಂಬ ಇಳಿಜಾರು ಕಂಡಿತು.

"ರಡ್ಡ್, ಮಗಾ."

ಮತ್ತೆ ಎಳೆದಿದ್ದರೆ ಬೀಳುತ್ತಿತ್ತೋ ಏನೋ. ನಾನು ಎಳೆಯಲಿಲ್ಲ. ಕೋಲನ್ನು ಬಿಟ್ಟೆ. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕಣ್ಣು ಮುಚ್ಚಿದೆ. ಇಡೀ ಜೀಪು ಆ ಕೋಲಿನ ಮೇಲೆ ನಿಂತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ. ಯಾರ ಮನೆಯೂ ಅಲ್ಲದ ನ್ಯೂಟ್ರಲಿನಲ್ಲಿ ಜೀಪು ಸದ್ದಿಲ್ಲದೆ ಓಡತೊಡಗಿತು. ಕಿವಿ ಮುಚ್ಚಿದ್ದರೂ ಅಪ್ಪ ಬ್ರೇಕನ್ನು ಮತ್ತೆ ಮತ್ತೆ ಒದೆಯುವುದು ನನಗೆ ಸೀಟಿನ ಅಲುಗಾಟದಲ್ಲಿ ಗೊತ್ತಾಗುತ್ತಿತ್ತು.

"ಮಗಾ! ಗೇರ್! ಮಗಾ!"

ಕಣ್ಣು ತೆರೆದಾಗ ಅಪ್ಪ ಆ ಎಡಗೈಯನ್ನು ಚಾಚಿದ್ದರು. ತಿಂಗಳುಗಳಿಂದ ಎದೆಯ ಮಟ್ಟಕ್ಕೆ ಏಳದಿದ್ದ ಕೈ ನನ್ನ ಮೊಣಕಾಲ ಮೇಲಿಂದ ಹಾದು ಗುಂಡನ್ನು ಹಿಡಿಯಿತು. ಎಳೆದಾಗ ಅಪ್ಪನ ಬಾಯಿಂದ ಒಂದು ಕೂಗು ಬಂತು. ಅಪ್ಪ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗೇರ್ ಬೀಳಲಿಲ್ಲ. ಮೋರಿ ಕಾಣುತ್ತಿತ್ತು. ಅಪ್ಪ ಬಲಗೈಯೊಂದರಲ್ಲೇ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ, ಜೀಪನ್ನು ಕೋರೆಯ ಮಣ್ಣಿನ ಬರೆಗೆ ಒರಗಿಸಿಬಿಟ್ಟರು. ಮಣ್ಣು ಕಿತ್ತು, ಕೆಂಪು ಧೂಳು ಎದ್ದು, ಉಜ್ಜಿಕೊಂಡು ಉಜ್ಜಿಕೊಂಡು ಜೀಪು ಓರೆಯಾಗಿ ನಿಂತಿತು. ಬಾಗಿದ ಕೋಲಿನ ಗುಂಡು ನನ್ನ ಗಲ್ಲಕ್ಕೆ ಬಡಿದು ಸೀಳಿತ್ತು. ಆ ಗೆರೆ ಈಗಲೂ ಇದೆ, ಕನ್ನಡಿ ನೋಡುವಾಗೆಲ್ಲ ಮೊದಲು ಕಾಣುವುದು ಅದೇ.

ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ತರಚಿದ ಮೊಣಕೈ, ಹರಿದ ಸೀರೆ, ಮಣ್ಣಾದ ಮಲ್ಲಿಗೆ. ಐಸಮ್ಮನ ಬುಟ್ಟಿ ಮಗುಚಿ ಬೀಡಿಗಳು ರಸ್ತೆಯಿಡೀ ಚೆಲ್ಲಿದ್ದವು. ಅವರು ಅದನ್ನು ನೋಡದೆ ತಲೆಯ ಬಟ್ಟೆಯ ತುದಿಯಿಂದ ನನ್ನ ಗಲ್ಲ ಒತ್ತಿ ಹಿಡಿದಿದ್ದರು. ಇಳಿದವರೆಲ್ಲ ಅಪ್ಪನನ್ನು ಸುತ್ತುಗಟ್ಟಿದರು.

"ಎಂತ ಬಾಬಣ್ಣ, ಎಲ್ಲರನ್ನು ಕೊಲ್ತಿದ್ರಲ್ಲ! ಎಂತ ಆದದ್ದು?"

ಅಪ್ಪನ ಎಡಗೈ ಜೋತುಬಿದ್ದಿತ್ತು, ಮುಖ ಬೂದಿಬಣ್ಣ. ನನ್ನನ್ನು ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಜೀಪು ಓಡುವಾಗಿನದಕ್ಕಿಂತ ಹೆಚ್ಚು ಹೆದರಿದ್ದು ಆ ಕ್ಷಣಕ್ಕೆ.

"ಗೇರ್ ಸ್ಲಿಪ್ ಆದದ್ದು" ಎಂದರು ಅಪ್ಪ. "ಹಳೆ ಗಾಡಿಯಲ್ಲವಾ."

ಐಸಮ್ಮನ ಕೈ ನನ್ನ ಗಲ್ಲದ ಮೇಲೆ ಒಮ್ಮೆ ಬಿಗಿಯಾಯಿತು. ಅಷ್ಟೇ.

ಆ ಮಾತಿಗೆ ಅಪ್ಪ ತೆತ್ತದ್ದು ನನಗೆ ತಿಳಿಯಲು ಒಂದು ವಾರ ಸಾಕಾಯಿತು. ಡ್ರೈವರನ ಕೈತಪ್ಪನ್ನು ಜನ ಬೈದು ಮರೆಯುತ್ತಾರೆ; ಇಳಿಜಾರಿನಲ್ಲಿ ಗೇರ್ ಸ್ಲಿಪ್ ಆಗುವ ಜೀಪನ್ನು ಯಾರೂ ಹತ್ತುವುದಿಲ್ಲ. "ಬಾಬಣ್ಣನ ಗಾಡಿಯಾ? ಬೇಡಪ್ಪ" ಎಂದು ಅಶ್ವತ್ಥಕಟ್ಟೆಯಲ್ಲಿ ನಿಂತು ಹಿಂದಿನ ಜೀಪಿಗೆ ಕಾಯುವವರನ್ನು ನಾನೇ ಕಂಡೆ. ಅಮ್ಮ ಗೇರ್‌ಬಾಕ್ಸ್ ರಿಪೇರಿ ಮಾಡಿಸಿ ಎಂದು ಹಟ ಹಿಡಿದರು. ಗಲ್ಲಕ್ಕೆ ಹಾಕಿದ ಹೊಲಿಗೆ ಬಿಚ್ಚಿಸಲು ಹೋದ ದಿನ, ಅಪ್ಪ ನನ್ನನ್ನೂ ಕರೆದುಕೊಂಡು ಸೀತಾಂಗೋಳಿಗೆ ಹೋದರು. ಅಪ್ಪನ ಕೈ ಕುತ್ತಿಗೆಗೆ ಕಟ್ಟಿತ್ತು, ಆ ವಾರವಿಡೀ ಜೀಪನ್ನು ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ಓಡಿಸುತ್ತಿದ್ದ.

ಚಂದು ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಒಂದೊಂದೇ ಹಲ್ಲುಚಕ್ರವನ್ನು ಡೀಸೆಲಿನಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿ ಇಟ್ಟರು. ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು.  ಗೋಣಿಯ ಮೇಲಿದ್ದದ್ದು ನನ್ನ ಸುಳ್ಳೇ ಎಂದು ನನಗನ್ನಿಸಿತು.

"ಬಾಬಣ್ಣ, ಇದರಲ್ಲಿ ಎಂತದೂ ಇಲ್ಲ. ಒಂದು ಹಲ್ಲು ಸವೆದಿಲ್ಲ. ಇದು ಸ್ಲಿಪ್ ಆಗ್ಲಿಕ್ಕೆ ಸಾಧ್ಯವೇ ಇಲ್ಲ."

"ಉಂಟು. ನೀನು ಸರಿ ನೋಡು."

"ನೋಡಿದೆ ಅಲ್ಲ ಮಾರಾಯ್ರೆ!"

"ಇಳಿಜಾರಲ್ಲಿ ಆದದ್ದು ನನಗೆ ಗೊತ್ತುಂಟು, ನಿನಗಲ್ಲ."

ಮೇಸ್ತ್ರಿ ಅಪ್ಪನ ಮುಖ ನೋಡಿದರು. ಆಮೇಲೆ ಕೈ ಕಟ್ಟಿದ ಬಟ್ಟೆ, ಆಮೇಲೆ ಬಾಗಿದ ಕೋಲು. ಕೊನೆಗೆ ನನ್ನ ಗಲ್ಲ. ನಾನು ತಲೆ ತಗ್ಗಿಸಿದೆ. ಅವರು ಚಕ್ರಗಳನ್ನು ಒಂದೊಂದಾಗಿ ಒರೆಸಿ ಒಳಗೆ ಹಾಕತೊಡಗಿದರು.

"ಇನ್ನು ಎಂತ ಮಾಡ್ಬೇಕು ಹೇಳಿ."

"ಆ ಕೋಲು ನೆಟ್ಟಗೆ ಮಾಡಿಬಿಡು" ಎಂದರು ಅಪ್ಪ.

ಮತ್ತೆ ಬೆಂಕಿ ಹಿಡಿದರು. ಕೋಲು ಕೆಂಪಾಗಿ ಎದ್ದು ನಿಂತಿತು. ಬಗ್ಗಿಸಿದ ಜಾಗದಲ್ಲಿ ಒಂದು ಗಂಟು ಮಾತ್ರ ಉಳಿಯಿತು. ನನ್ನ ಜಾಗ ಮುಗಿಯಿತು. ಇಲ್ಲಿ ನಾನು ನಿಮಗೆ ನಿಜ ಹೇಳಬೇಕು: ನನಗೆ ದುಃಖವಾಗಲಿಲ್ಲ. ಖುಷಿಯಾಯಿತು. ಇನ್ನು 'ರಡ್ಡ್' ಇಲ್ಲ, ಗರ್‌ರ್ ಇಲ್ಲ, ಇಳಿಜಾರಿಲ್ಲ. ಮರುದಿನದಿಂದ ಎರಡು ಮೈಲು ನಡೆದು ಬಸ್ಸಿಗೆ ಹೋದೆ. ದಾರಿಯ ನಾಯಿ ಮುದಿಯಾಗಿತ್ತು, ನನ್ನನ್ನು ತಲೆಯೆತ್ತಿಯೂ ನೋಡಲಿಲ್ಲ.

ಅಪ್ಪನ ಭುಜ ಸರಿಯಾಗಲಿಲ್ಲ. ಕೋಲು ಕೈ ಹತ್ತಿರ ಬಂದಿತ್ತು, ಆದರೆ ಅದನ್ನು ನೂಕುವ ಕೈ ಆಗಲೇ ಹೋಗಿತ್ತು. ಎರಡು ವರ್ಷ ಹೇಗೋ ಓಡಿಸಿದರು. ಮುಂದಿನ ಸೀಟು ಹೆಚ್ಚಾಗಿ ಖಾಲಿ ಇರುತ್ತಿತ್ತು. ಐಸಮ್ಮ ಒಬ್ಬರು ಮಾತ್ರ, ಹಿಂದೆ ಮುಂದೆ ಎಷ್ಟು ಜೀಪುಗಳು ನಿಂತಿದ್ದರೂ, ಬುಟ್ಟಿ ಹಿಡಿದು ಅಪ್ಪನ ಪಕ್ಕದಲ್ಲೇ ಹತ್ತಿ ಕೂರುತ್ತಿದ್ದರಂತೆ. "ನಿಮಗೆ ಹೆದರಿಕೆ ಇಲ್ವಾ?" ಎಂದು ಯಾರೋ ಕೇಳಿದರೆ, "ಈ ಜೀಪಿಗೆ ಎಂತ ಆಗಿದೆ?" ಎನ್ನುತ್ತಿದ್ದರಂತೆ. ಆಮೇಲೆ ಅಪ್ಪ ಜೀಪು ಮಾರಿ ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಸೇರಿದರು. ಬಲಗೈಯೊಂದು ಸಾಕಾಗುವ ಕೆಲಸ.

ಈಗ ನನ್ನಲ್ಲಿ ಕಾರು ಇದೆ. ಕ್ಲಚ್ ಇಲ್ಲದ ಕಾರು. ಗೇರನ್ನು ಅದೇ ನೋಡಿಕೊಳ್ಳುತ್ತದೆ, ಎಡಗೈಗೆ ಕೆಲಸವೇ ಇಲ್ಲ. ಕೊಳ್ಳುವಾಗ ಅಂಗಡಿಯವನು ಸೀಟನ್ನು ಮುಂದೆ ಹಿಂದೆ ಮಾಡಿ, ಮೊಣಕೈ ಇಡಲು ಮೆತ್ತೆ ತೋರಿಸಿ, ಎಷ್ಟು ಆರಾಮ ಎಂದು ಅರ್ಧ ಗಂಟೆ ವರ್ಣಿಸಿದ. ನಿಜ, ಆರಾಮವೇ. ನಾಲ್ವರು ಕೂರುವ ಜಾಗದಲ್ಲಿ ಒಬ್ಬಳೇ ಕೂತು ಬದಿಯಡ್ಕಕ್ಕೆ ಹೋಗಿ ಬರುತ್ತೇನೆ. ಯಾರ ಕೊಡೆಯೂ ಚುಚ್ಚುವುದಿಲ್ಲ, ಯಾರ ಬುಟ್ಟಿಯೂ ನನ್ನನ್ನು ಮರೆಮಾಡುವುದಿಲ್ಲ. ಸರ್ವಿಸ್ ಜೀಪುಗಳು ಹೋದವು, ಐಸಮ್ಮನೂ ಹೋದರು. ಅವರು ತೀರಿಕೊಂಡ ದಿನ ಮನೆಯವರು ಕರೆದರೂ ನಾನು ಹೋಗಲಿಲ್ಲ, ಯಾವುದೋ ನೆವ ಹೇಳಿದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಮೊನ್ನೆ ಅಪ್ಪನನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಎಡಸೀಟಿನಲ್ಲಿ ಅಪ್ಪ, ಬೆಲ್ಟನ್ನು ನಾನೇ ಎಳೆದು ಹಾಕಿದ್ದೆ. ಅವರ ಎಡಗೈ ಈಗಲೂ ಅರ್ಧಕ್ಕಷ್ಟೇ ಏಳುವುದು. ಕೋರೆಯಲ್ಲಿ ಈಗ ನೀರು ನಿಂತಿದೆ, ರಸ್ತೆಗೆ ಡಾಮರು ಬಂದಿದೆ, ಇಳಿಜಾರು ಮಾತ್ರ ಅದೇ. ಇಳಿಜಾರಿನ ತಲೆ ಬಂದಾಗ ನನ್ನ ಎಡಗೈ ತಾನಾಗಿ ಸ್ಟೇರಿಂಗ್ ಬಿಟ್ಟು ಗಾಳಿಯಲ್ಲಿ ಏನನ್ನೋ ಹುಡುಕಿತು. ಇಪ್ಪತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಅಲ್ಲಿ ಬಂತು.

"ಅಪ್ಪಾ, ಆ ದಿನ ನಾನು ಕೈ ಬಿಟ್ಟದ್ದು. ಹೆದರಿ ಕಿವಿ ಮುಚ್ಚಿಕೊಂಡದ್ದು. ನಿಮಗೆ ಗೊತ್ತುಂಟಲ್ಲ?"

ಅಪ್ಪ ಬರೆಯ ಕಡೆ ನೋಡುತ್ತಿದ್ದರು. ಅಲ್ಲೀಗ ಮಣ್ಣು ಕಾಣುವುದಿಲ್ಲ, ಹುಲ್ಲು ಬೆಳೆದಿದೆ.

"ಯಾರು ಹೇಳಿದ್ದು ನಿನಗೆ?" ಎಂದರು. "ಗೇರ್ ಸ್ಲಿಪ್ ಆದದ್ದು."

"ಚಂದು ಮೇಸ್ತ್ರಿ ಬಿಚ್ಚಿ ನೋಡಿದ್ರಲ್ಲ ಅಪ್ಪಾ, ಒಂದು ಹಲ್ಲು ಸವೆದಿರ್ಲಿಲ್ಲ."

"ಅವನಿಗೆ ಎಂತ ಗೊತ್ತುಂಟು! ಓಡಿಸಿದ್ದು ನಾನಲ್ವಾ?" ಅಪ್ಪನ ಬಲಗೈ ಮೆಲ್ಲಗೆ ಬಂದು, ಎತ್ತಲಾಗದ ಎಡಭುಜವನ್ನು ಒಮ್ಮೆ ತಿಕ್ಕಿತು. "ನೀನು ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೊಂಡಿದ್ದೆ ಮಗಾ. ನಾನು ಕಣ್ಣಾರೆ ನೋಡಿದ್ದೇನೆ. ಈಗ ಮುಂದೆ ನೋಡು, ಮೋರಿ ಬಂತು."